ಪರಾಗದ ಪ್ರಮಾಣವೂ ಪ್ರಕಟವಾಗಲಿ

ಮಾನ್ಯರೇ,

ಮಳೆ ಬಿದ್ದ ಕೆಲವೇ ವಾರಗಳಲ್ಲಿ ಮೈಸೂರಿನ ಖಾಲಿ ನಿವೇಶನಗಳಲ್ಲಿ ಪಾರ್ಥೇನಿಯಂ ಸೊಂಟದೆತ್ತರ ಬೆಳೆದು ಬಿಳಿ ಹೂ ಬಿಡುತ್ತದೆ. ಅದರ ಪರಾಗಕ್ಕೆ ಅಲರ್ಜಿ ಇರುವವರು ಆಗ ಸೀನು, ಕಣ್ಣುರಿ, ಉಬ್ಬಸದಿಂದ ಪಡುವ ಪಾಡು ಹೇಳತೀರದು. ವಾಯು ಗುಣಮಟ್ಟ ಸೂಚ್ಯಂಕ ‘ಉತ್ತಮ’ ಎಂದಿರುವುದನ್ನು ಮೊಬೈಲಿನಲ್ಲಿ ನೋಡಿಕೊಂಡೇ ಹೊರಟರೂ ಅವರಿಗೆ ತೊಂದರೆ ತಪ್ಪುವುದಿಲ್ಲ. ಏಕೆಂದರೆ ಆ ಸೂಚ್ಯಂಕವು ಪಿಎಂ 2.5, ಪಿಎಂ 10 (ಗಾಳಿಯಲ್ಲಿ ತೇಲುವ, ಕ್ರಮವಾಗಿ 2.5 ಮತ್ತು 10 ಮೈಕ್ರೋಮೀಟರಿನವರೆಗಿನ ಸೂಕ್ಷ್ಮ ಕಣಗಳು), ಓಝೋನ್ ಮೊದಲಾದ 8 ಮಾಲಿನ್ಯಕಾರಕಗಳನ್ನಷ್ಟೇ ಆಧರಿಸಿದೆ. ಪರಾಗಕಣಗಳಾದರೋ ಬಹುತೇಕ 10 ಮೈಕ್ರೋಮೀಟರಿಗಿಂತ ದೊಡ್ಡವಾದ್ದರಿಂದ ಆ ಲೆಕ್ಕಕ್ಕೆ ಸಿಗುವುದೇ ಇಲ್ಲ. ನಗರದಲ್ಲಿ ಪರಾಗ ಮಾಪನ ಕೇಂದ್ರವೊಂದನ್ನು ಸ್ಥಾಪಿಸಿ, ಹವಾಮಾನ ವರದಿಯ ಜೊತೆಗೇ ಅದರ ಪ್ರಮಾಣವನ್ನೂ ದಿನವೂ ಪ್ರಕಟಿಸಬೇಕು. ಅಲ್ಲಿಯವರೆಗೆ, ಪಾರ್ಥೇನಿಯಂ ಹೂ ಬಿಡುವ ಮೊದಲೇ ಅದನ್ನು ಬೇರುಸಹಿತ ಕೀಳಿಸಲು ಸಂಬಂಧಪಟ್ಟವರು ಕ್ರಮ ಕೈಗೊಳ್ಳಬೇಕೆಂದು ಕಳಕಳಿಯಿಂದ ಕೋರುತ್ತೇನೆ.

– ನೊಂದ ನಾಗರಿಕ, ಕುವೆಂಪುನಗರ, ಮೈಸೂರು