ಬಿಟ್ಟ ಊಟ ಯಾರ ಪಾಲಿಗೆ?

ಮಾನ್ಯ ಸಂಪಾದಕರೇ,

ಬೂದಿ ಬುಧವಾರ ಸಮೀಪಿಸಿದಂತೆ, ಅಂದು ಆರಂಭವಾಗಿ ಈಸ್ಟರ್‌ವರೆಗೆ ನಡೆಯುವ ಕ್ರೈಸ್ತರ ತಪಸ್ಸುಕಾಲದ ಉಪವಾಸದ ಬಗ್ಗೆ ಲೇಖನಗಳೂ ಮೊಬೈಲ್ ಸಂದೇಶಗಳೂ ಹರಿದಾಡತೊಡಗುತ್ತವೆ. ನಲವತ್ತು ದಿನ ಉಪವಾಸವಿದ್ದರೆ ಬೇಡಿದ್ದು ಕೈಗೂಡುತ್ತದೆ ಎಂದು ಕೆಲವರು ಭರವಸೆ ಕೊಟ್ಟರೆ, ತೂಕ ಇಳಿದು ದೇಹ ಹಗುರಾಗುತ್ತದೆ ಎಂದು ಇನ್ನು ಕೆಲವರು ಹುರಿದುಂಬಿಸುತ್ತಾರೆ. ಎರಡರಲ್ಲೂ ಲಾಭ ಉಪವಾಸ ಮಾಡಿದವನಿಗೇ. ಆದರೆ ಕ್ರೈಸ್ತ ಪರಂಪರೆ ಮೊದಲಿನಿಂದ ಕೇಳುತ್ತ ಬಂದಿರುವ ಪ್ರಶ್ನೆ ಬೇರೆ: ನೀನು ಉಣ್ಣದೆ ಬಿಟ್ಟ ಊಟ ಯಾರ ಪಾಲಿಗೆ ಹೋಯಿತು?

ಈ ಪ್ರಶ್ನೆಯ ಬೇರು ಬೈಬಲಿನ ಯೆಶಾಯ ಪ್ರವಾದಿಯ ಗ್ರಂಥದ 58ನೆಯ ಅಧ್ಯಾಯದಲ್ಲಿದೆ. ನಾವು ಉಪವಾಸವಿದ್ದರೂ ನೀನೇಕೆ ನೋಡಲಿಲ್ಲ ಎಂದು ಜನರು ದೇವರ ಮೇಲೆಯೇ ದೂರು ಹೇಳುತ್ತಾರೆ. ಉಪವಾಸದ ದಿನದಲ್ಲಿಯೂ ಆಳುಗಳನ್ನು ಹಿಂಡಿ ದುಡಿಸಿಕೊಳ್ಳುತ್ತೀರಿ, ಜಗಳವಾಡಿ ಗುದ್ದಾಡುತ್ತೀರಿ ಎಂದು ಉತ್ತರ ಬರುತ್ತದೆ. ಜೊಂಡಿನಂತೆ ತಲೆ ಬಾಗಿಸಿ ಗೋಣಿತಟ್ಟಿನ ಮೇಲೆ ಕೂರುವುದಲ್ಲ, ಅನ್ಯಾಯದ ಕಟ್ಟುಗಳನ್ನು ಬಿಚ್ಚುವುದು, ಹಸಿದವರಿಗೆ ಅನ್ನ ಹಂಚುವುದು, ನೆಲೆಯಿಲ್ಲದವರನ್ನು ಮನೆಗೆ ಬರಮಾಡಿಕೊಳ್ಳುವುದೇ ತನಗೆ ಇಷ್ಟವಾದ ಉಪವಾಸವೆಂದು ದೇವರು ಹೇಳುತ್ತಾನೆ. ಇಲ್ಲಿ ಛೀಮಾರಿಗೆ ಗುರಿಯಾದವರು ಉಪವಾಸವನ್ನು ತಪ್ಪಿಸಿದವರಲ್ಲ, ಚಾಚೂ ತಪ್ಪದೆ ಆಚರಿಸಿದವರು ಎಂಬುದನ್ನು ನಾವು ಸಾಮಾನ್ಯವಾಗಿ ಗಮನಿಸುವುದಿಲ್ಲ.

ಆದಿ ಕ್ರೈಸ್ತರು ಈ ಮಾತನ್ನು ಬರಿಯ ರೂಪಕವೆಂದು ತಿಳಿಯಲಿಲ್ಲ. ಎರಡನೆಯ ಶತಮಾನದಲ್ಲಿ ಅಥೆನ್ಸ್‌ನ ಕ್ರೈಸ್ತ ತತ್ತ್ವಜ್ಞಾನಿ ಅರಿಸ್ತೀದಸ್ ರೋಮನ್ ಚಕ್ರವರ್ತಿಗೆ ಕ್ರೈಸ್ತರ ಪರವಾಗಿ ಬರೆದ ಸಮರ್ಥನೆಯಲ್ಲಿ, ತಮ್ಮಲ್ಲೊಬ್ಬ ಬಡವನಿದ್ದು ಕೊಡಲು ಹೆಚ್ಚಿನದೇನೂ ಇಲ್ಲದಿದ್ದಾಗ ಅವರು ಎರಡು ಮೂರು ದಿನ ಉಪವಾಸವಿದ್ದು ಅವನಿಗೆ ಆಹಾರ ಒದಗಿಸುತ್ತಾರೆ ಎಂಬ ಮಾತು ಬರುತ್ತದೆ. ಅದೇ ಶತಮಾನದಲ್ಲಿ ರೋಮ್‌ನಲ್ಲಿ ಪ್ರಚಾರದಲ್ಲಿದ್ದ ‘ಹೆರ್ಮಾಸನ ಕುರುಬ’ ಎಂಬ ಕೃತಿಯ ಸೂಚನೆ ಇನ್ನೂ ಲೆಕ್ಕಾಚಾರದ್ದು: ಆ ದಿನ ರೊಟ್ಟಿ ಮತ್ತು ನೀರನ್ನು ಮಾತ್ರ ಸೇವಿಸು, ಎಂದಿನಂತೆ ಉಂಡಿದ್ದರೆ ಆಗುತ್ತಿದ್ದ ಖರ್ಚನ್ನು ಎಣಿಸು, ಆ ಮೊತ್ತವನ್ನು ವಿಧವೆಗೋ ಅನಾಥನಿಗೋ ಕೊಡು. ದಾನವಿಲ್ಲದ ಉಪವಾಸ ಅವರ ಕಣ್ಣಿಗೆ ಬಹುಶಃ ಉಳಿತಾಯವಾಗಿಯೇ ಕಂಡಿರಬೇಕು.

ಮತ್ತಾಯನ ಸುವಾರ್ತೆಯ 6ನೆಯ ಅಧ್ಯಾಯದಲ್ಲಿ ಯೇಸು ದಾನ, ಪ್ರಾರ್ಥನೆ, ಉಪವಾಸ ಮೂರನ್ನೂ ಒಂದರ ಹಿಂದೊಂದರಂತೆ ಹೇಳುವುದು ಸುಮ್ಮನೆ ಅಲ್ಲ. ಉಪವಾಸ ಮಾಡುವಾಗ ಮುಖ ಬಾಡಿಸಿಕೊಳ್ಳದೆ, ತಲೆಗೆ ಎಣ್ಣೆ ಹಚ್ಚಿ ಮುಖ ತೊಳೆದುಕೋ ಎನ್ನುತ್ತಾನೆ. ಈಗ ಮುಖ ಬಾಡಿಸುವ ಅಗತ್ಯವೂ ಇಲ್ಲ, ಇಂದು ಉಪವಾಸದ ಎಷ್ಟನೆಯ ದಿನವೆಂದು ಸ್ಟೇಟಸ್ ಹಾಕಿದರೆ ಸಾಕು. ಯೇಸು ಹೇಳಿದ ಒಂದು ದೃಷ್ಟಾಂತ ಕಥೆಯಲ್ಲಿ, ವಾರಕ್ಕೆರಡಾವರ್ತಿ ಉಪವಾಸ ಮಾಡುತ್ತೇನೆಂದು ದೇವಾಲಯದಲ್ಲಿ ಹೇಳಿಕೊಂಡ ಫರಿಸಾಯನ (ಕಟ್ಟುನಿಟ್ಟಿನ ಯೆಹೂದಿ ಪಂಗಡದವನ) ಲೆಕ್ಕ ಸುಳ್ಳಾಗಿರಲಿಲ್ಲ. ಪಕ್ಕದಲ್ಲಿದ್ದ ಸುಂಕದವನಿಗಿಂತ ತಾನು ಮೇಲು ಎಂದು ತೋರಿಸಲು ಅವನು ಅದನ್ನು ಬಳಸಿಕೊಂಡ.

ಇದನ್ನು ಬರೆಯುವ ನಾನೇನೂ ಹೊರತಲ್ಲ. ಯೌವನದಲ್ಲಿ ಒಂದು ವರ್ಷ ತಪಸ್ಸುಕಾಲದುದ್ದಕ್ಕೂ ಮಧ್ಯಾಹ್ನದ ಊಟ ಬಿಟ್ಟಿದ್ದೆ. ಸಂಜೆಯಾಗುತ್ತಲೇ ಮನೆಯವರ ಮೇಲೆ ರೇಗುತ್ತಿದ್ದೆ, ಅವರು ಅದನ್ನೂ ಭಕ್ತಿಯ ಒಂದು ಅಂಗವೆಂದು ಸಹಿಸಿಕೊಂಡರು. ಉಳಿದ ಹಣದಲ್ಲಿ ಈಸ್ಟರ್‌ಗೆ ಹೊಸ ಬಟ್ಟೆ ಕೊಂಡೆ.

ಹಾಗೆಂದು ಹೊಟ್ಟೆಯ ಉಪವಾಸವೇ ಬೇಡ, ಕೋಪವನ್ನೋ ಮೊಬೈಲನ್ನೋ ಬಿಟ್ಟರೆ ಸಾಕು ಎಂಬ ಇತ್ತೀಚಿನ ವಾದವನ್ನು ನಾನು ಒಪ್ಪಲಾರೆ. ಕಣ್ಣು, ಕಿವಿ, ಕೈಗಳೂ ಉಪವಾಸವಿರಲಿ ಎಂದು ನಾಲ್ಕನೆಯ ಶತಮಾನದ ಸಂತ ಜಾನ್ ಕ್ರಿಸೊಸ್ತೊಮ್ ಬೋಧಿಸಿದ್ದು ನಿಜ, ಆದರೆ ಅವರು ಬಾಯಿಗೆ ಉಪವಾಸದಿಂದ ರಜೆ ಕೊಟ್ಟಿರಲಿಲ್ಲ. ತನ್ನ ಹೊಟ್ಟೆ ಚುರುಗುಟ್ಟದವನಿಗೆ ಇನ್ನೊಬ್ಬರ ಹಸಿವು ಪತ್ರಿಕೆಯಲ್ಲಿ ಓದಿದ ಸುದ್ದಿಯಾಗಿಯೇ ಉಳಿಯುತ್ತದೆ. ಇನ್ನು ಉಪವಾಸದ ನಿಯಮಗಳು ಒಂದು ಕ್ರೈಸ್ತ ಸಭೆಯಿಂದ, ಅಂದರೆ ಪಂಗಡದಿಂದ, ಇನ್ನೊಂದಕ್ಕೆ ಬೇರೆ. ಕಥೋಲಿಕ ಧರ್ಮಸಭೆಯಲ್ಲಿ 1966ರಲ್ಲಿ ಆರನೆಯ ಪೌಲ್ ಜಗದ್ಗುರುಗಳು (ಪೋಪ್) ನಿಯಮಗಳನ್ನು ಸಡಿಲಿಸಿದ ಮೇಲೆ ಬೂದಿ ಬುಧವಾರ ಮತ್ತು ಶುಭ ಶುಕ್ರವಾರ ಮಾತ್ರ ಕಡ್ಡಾಯ ಉಪವಾಸದ ದಿನಗಳಾಗಿ ಉಳಿದಿವೆ. ಆರ್ಥೊಡಾಕ್ಸ್ ಸಭೆಗಳು ವರ್ಷದ ಬಹುತೇಕ ಬುಧವಾರ, ಶುಕ್ರವಾರಗಳಲ್ಲಿಯೂ ಉಪವಾಸ ಪಾಲಿಸುತ್ತವೆ. ಪ್ರೊಟೆಸ್ಟೆಂಟ್ ಸಭೆಗಳು ಸಾಮಾನ್ಯವಾಗಿ ಅದನ್ನು ವಿಶ್ವಾಸಿಯ ಇಚ್ಛೆಗೆ ಬಿಟ್ಟಿವೆ. ದಿನಗಳ ಎಣಿಕೆಯಲ್ಲಿ ಯಾರು ಹೆಚ್ಚು, ಯಾರು ಕಡಿಮೆ ಎಂಬ ಚರ್ಚೆಯಲ್ಲಿ ನನಗೆ ಆಸಕ್ತಿಯಿಲ್ಲ.

ಉಪವಾಸ ಕೂಟಗಳ ಪ್ರಕಟಣೆಗಳಲ್ಲಿ ದಿನಾಂಕ, ಸಮಯ, ಪ್ರಸಂಗಿಗಳ ಹೆಸರು ತಪ್ಪದೆ ಇರುತ್ತವೆ. ಆ ದಿನ ಬಿಟ್ಟ ಊಟದ ಹಣ ಯಾರಿಗೆ ತಲುಪಲಿದೆ ಎಂಬ ಒಂದು ಸಾಲನ್ನೂ ಅವುಗಳ ಕೆಳಗೆ ಸೇರಿಸಬೇಕೆಂದು ಎಲ್ಲ ಸಭೆಗಳ ಗುರುಗಳಲ್ಲಿಯೂ ಸಭಾಪಾಲಕರಲ್ಲಿಯೂ ತಮ್ಮ ಪತ್ರಿಕೆಯ ಮೂಲಕ ವಿನಂತಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಓದುಗ