ಟ್ಯಾಮಾಕ್ಸಿಫೆನ್ ಸೇವಿಸುವವರ ಕಣ್ಣಿನ ಕಡೆಗೂ ಗಮನವಿರಲಿ

ಮಾನ್ಯ ಸಂಪಾದಕರೇ,

ಸ್ತನ ಕ್ಯಾನ್ಸರ್ ಚಿಕಿತ್ಸೆಯ ನಂತರದ ವರ್ಷಗಳ ಕುರಿತು ತಮ್ಮ ಪತ್ರಿಕೆಯಲ್ಲಿ ಬಂದ ಲೇಖನವನ್ನು ಓದಿದೆ. ರೋಗ ಮರುಕಳಿಸದಂತೆ ಕೊಡುವ ಟ್ಯಾಮಾಕ್ಸಿಫೆನ್ ಮಾತ್ರೆಯಿಂದ ಮೈ ಬಿಸಿಯೇರುವುದು, ರಕ್ತ ಹೆಪ್ಪುಗಟ್ಟುವುದು, ಗರ್ಭಕೋಶದ ಒಳಪದರದ ತೊಂದರೆ ಎಲ್ಲವೂ ಅದರಲ್ಲಿದ್ದವು. ಕಣ್ಣಿನ ಮಾತು ಮಾತ್ರ ಇರಲಿಲ್ಲ. ಆರು ವರ್ಷಗಳಿಂದ ಅದೇ ಮಾತ್ರೆ ನುಂಗುತ್ತಿರುವ ನನಗೂ ಯಾರೂ ಅದನ್ನು ಹೇಳಿರಲಿಲ್ಲ.

ಈ ಔಷಧಿ ಕಣ್ಣಿನ ಹಿಂಬದಿಯ ಅಕ್ಷಿಪಟಲಕ್ಕೆ (ರೆಟಿನಾ) ಹಾನಿ ಮಾಡಬಲ್ಲದೆಂಬ ವರದಿ 1978ರಲ್ಲೇ ಪ್ರಕಟವಾಗಿತ್ತು. ಆಗಿನ ರೋಗಿಗಳು ಈಗಿನದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಪ್ರಮಾಣದಲ್ಲಿ ಅದನ್ನು ಸೇವಿಸಿದ್ದರು; ದಿನಕ್ಕೆ 20 ಮಿಲಿಗ್ರಾಂ ಎಂಬ ಇಂದಿನ ರೂಢಿಯಲ್ಲಿ ತೊಂದರೆ ಕಾಣಿಸಿಕೊಳ್ಳುವುದು ಕೆಲವರಲ್ಲಿ ಮಾತ್ರ. ಆದರೆ ಐದು ವರ್ಷಕ್ಕೆ ನಿಲ್ಲಿಸದೆ ಹತ್ತು ವರ್ಷ ಮುಂದುವರಿಸಿದರೆ ರೋಗ ಮರುಕಳಿಸುವುದು ಇನ್ನಷ್ಟು ಕಡಿಮೆಯಾಗುತ್ತದೆಂದು ಅಟ್ಲಾಸ್ ಎಂಬ ಅಧ್ಯಯನ 2012ರಲ್ಲಿ ತೋರಿಸಿದ ಮೇಲೆ ಅನೇಕರಿಗೆ ಸೇವನೆಯ ಅವಧಿ ಇಮ್ಮಡಿಯಾಗಿದೆ. ಹೀಗೆ ಮೈ ಸೇರುವ ಔಷಧಿಯ ಒಟ್ಟು ಪ್ರಮಾಣವೂ ಹೆಚ್ಚುತ್ತದೆ: ಹತ್ತು ವರ್ಷಕ್ಕೆ 73 ಗ್ರಾಂ.

ದೃಷ್ಟಿಯ ನಡುಭಾಗವನ್ನು ನೋಡಿಕೊಳ್ಳುವ ಮ್ಯಾಕ್ಯುಲಾದ ಸುತ್ತ ಹೊಳೆಯುವ ಸಣ್ಣ ಹರಳುಗಳು ಕೂರುವುದು, ಅಲ್ಲಿ ನೀರು ತುಂಬಿ ಊದಿಕೊಳ್ಳುವುದು, ಕೆಲವೊಮ್ಮೆ ಊತವೇ ಇಲ್ಲದೆ ನಟ್ಟನಡುವೆ ಪುಟ್ಟ ಟೊಳ್ಳು ಉಂಟಾಗುವುದು ಇದರ ಲಕ್ಷಣಗಳು. ಟೊಳ್ಳು ಸಾಮಾನ್ಯ ತಪಾಸಣೆಯಲ್ಲಿ ತಪ್ಪಿಹೋಗಬಹುದು. ಬೆಳಕು ಹಾಯಿಸಿ ಅಕ್ಷಿಪಟಲದ ಪದರಗಳ ಚಿತ್ರ ತೆಗೆಯುವ ಓಸಿಟಿ ಸ್ಕ್ಯಾನಿನಲ್ಲಿ ಕಾಣುತ್ತದೆ. ಅದಕ್ಕೆ ಸೂಜಿಯಿಲ್ಲ, ನೋವಿಲ್ಲ, ಕೆಲವೇ ನಿಮಿಷಗಳ ಕೆಲಸ. ನನಗೆ ಓದುವಾಗ ಪದದ ನಡುವಿನ ಅಕ್ಷರ ಮಾಯವಾಗುತ್ತಿತ್ತು. ಕನ್ನಡಕವನ್ನು ಎರಡು ಬಾರಿ ಬದಲಿಸಿದೆ. ಬೇರೆ ಯಾವ ಮಾತ್ರೆ ತೆಗೆದುಕೊಳ್ಳುತ್ತೀರಿ ಎಂದು ಕಣ್ಣಿನ ವೈದ್ಯರು ಕೇಳಿದಾಗ ಬಿಪಿ ಮಾತ್ರೆಯ ಹೆಸರನ್ನಷ್ಟೇ ಹೇಳಿದ್ದೆ; ಟ್ಯಾಮಾಕ್ಸಿಫೆನ್ ಹಲ್ಲುಜ್ಜುವಷ್ಟೇ ಅಭ್ಯಾಸವಾಗಿ, ಅದೂ ಔಷಧಿಯೆಂಬುದೇ ಮರೆತಿತ್ತು.

ಇದನ್ನು ಓದಿ ಯಾರೂ ಹೆದರಿ ಮಾತ್ರೆ ಬಿಡಬಾರದು. ಹಾರ್ಮೋನ್ ಅವಲಂಬಿತ ಸ್ತನ ಕ್ಯಾನ್ಸರಿನಲ್ಲಿ ಜೀವ ಉಳಿಸುವ ಔಷಧಿ ಅದು. ಮುಂದುವರಿಸಬೇಕೆ, ಮುಟ್ಟು ನಿಂತವರಿಗೆ ಕೊಡುವ ಲೆಟ್ರೊಜೋಲ್‌ನಂಥದಕ್ಕೆ ಬದಲಿಸಬೇಕೆ ಎಂಬುದನ್ನು ಕ್ಯಾನ್ಸರ್ ತಜ್ಞರೂ ನೇತ್ರತಜ್ಞರೂ ಸೇರಿ ತೀರ್ಮಾನಿಸಬೇಕು. ಊತ ಔಷಧಿ ನಿಲ್ಲಿಸಿದ ಮೇಲೆ ಇಳಿಯಬಹುದು, ಹರಳುಗಳು ಸಾಮಾನ್ಯವಾಗಿ ಉಳಿದುಬಿಡುತ್ತವೆ. ಹಾಗಾಗಿ ಬೇಗ ಗೊತ್ತಾಗುವುದು ಮುಖ್ಯ. ಮಾತ್ರೆ ಆರಂಭಿಸುವ ಹೊತ್ತಿಗೇ ಒಂದು ಓಸಿಟಿ ಮಾಡಿಸಿಟ್ಟರೆ ಮುಂದಿನ ಪ್ರತಿ ಸ್ಕ್ಯಾನನ್ನೂ ಅದರೊಂದಿಗೆ ಹೋಲಿಸಿ ನೋಡಬಹುದು. ನನ್ನ ಬಳಿ ಹೋಲಿಸಲು ಹಳೆಯದೊಂದೂ ಇರಲಿಲ್ಲ.

ಇಂತಿ,
ತಮ್ಮ ಓದುಗರಲ್ಲೊಬ್ಬಳು