ಮುಂದಿನ ಓದಿಗೆ ಮೂರು ಚಿತ್ರದ ಪುಸ್ತಕಗಳು

ಗೆಳೆಯರೇ, ನಮ್ಮ ಓದುಗುಂಪಿನಲ್ಲಿ ಈ ಸಲ ಕ್ವಿಯರ್ (ಸಲಿಂಗಪ್ರೇಮಿಗಳು, ಲಿಂಗದ ಚೌಕಟ್ಟಿಗೆ ಹೊಂದದವರು ಮುಂತಾದವರ) ಬದುಕಿನ ಚಿತ್ರಕಥೆಗಳನ್ನು ಓದೋಣ ಎಂದಿದ್ದೆವಲ್ಲ, ಇವು ನನ್ನ ಆಯ್ಕೆ.

ಮೊದಲು ಜೆಸಿಕಾ ಲವ್ ಅವರ 'ಜೂಲಿಯನ್ ಈಸ್ ಎ ಮರ್ಮೇಡ್' (2018). ಹುಡುಗನೊಬ್ಬ ಕಿಟಕಿಯ ಪರದೆಯನ್ನೇ ಉಟ್ಟು ಮತ್ಸ್ಯಕನ್ಯೆಯಾಗುತ್ತಾನೆ. ಅಜ್ಜಿ ನೋಡಿಬಿಡುತ್ತಾಳೆ, ಏನೂ ಹೇಳದೆ ಹೋಗುತ್ತಾಳೆ. ಆ ಪುಟದಲ್ಲಿ ನನ್ನ ಉಸಿರೇ ನಿಂತಿತ್ತು. ಅವಳು ತಿರುಗಿ ಬಂದಾಗ ಕೈಯಲ್ಲಿ ಒಂದು ಮಣಿಸರ! ಬುದ್ಧಿಮಾತಿಲ್ಲ, ವಿವರಣೆಯಿಲ್ಲ. ಮಕ್ಕಳಿಗೆ ಉಪದೇಶ ಮಾಡುವ ಚಿತ್ರಪುಸ್ತಕಗಳು ನನಗೆ ಹಿಡಿಸುವುದಿಲ್ಲ. ಇದು ಮಕ್ಕಳ ಕಣ್ಣನ್ನು ನಂಬುತ್ತದೆ. ಜೋರಾಗಿ ಓದಿ ಹೇಳುವವರು ಪುಟ ತಿರುಗಿಸಲು ಅವಸರಪಡಬೇಡಿ.

ದೊಡ್ಡವರಿಗೆ ಆಲಿಸನ್ ಬೆಕ್ಡೆಲ್ ಅವರ 'ಫನ್ ಹೋಮ್' (2006). ಅಪ್ಪ ಮಗಳ ಕಥೆ, ಸಾವಿನ ವಿಷಯವೂ ಇದೆ, ಮನಸ್ಸು ಭಾರವಾಗಿದ್ದರೆ ಮುಂದೂಡಿ.

ನನಗೆ ತೀರಾ ಹತ್ತಿರವಾದದ್ದು ಟ್ರಂಗ್ ಲೆ ನುಯೆನ್ ಅವರ 'ದ ಮ್ಯಾಜಿಕ್ ಫಿಶ್' (2020). ತಾನು ಗೇ ಎಂದು ಅಮ್ಮನಿಗೆ ಹೇಳಬೇಕು, ಆದರೆ ಅವಳ ವಿಯೆಟ್ನಾಮಿ ಭಾಷೆಯಲ್ಲಿ ಅದಕ್ಕೆ ಪದ ಯಾವುದೆಂದು ಮಗನಿಗೆ ತಿಳಿಯದು. ಇಬ್ಬರೂ ಜಾನಪದ ಕಥೆಗಳನ್ನು ಓದಿಕೊಳ್ಳುತ್ತಾ ಮಾತಿನ ದಾರಿ ಹುಡುಕುತ್ತಾರೆ. ಚಿತ್ರಗಳ ಬಣ್ಣ ನೋಡಿ: ಕಥೆಯ ಈಗಿನ ಕಾಲಕ್ಕೆ ಕೆಂಪು, ಅಮ್ಮನ ನೆನಪಿಗೆ ಹಳದಿ, ಜಾನಪದ ಕಥೆಗಳಿಗೆ ನೀಲಿ. ಬಣ್ಣಗಳು ಒಂದೇ ಪುಟದಲ್ಲಿ ಬೆರೆಯುವಲ್ಲಿ ಗುರುತು ಹಾಕಿಕೊಳ್ಳಿ, ಚರ್ಚೆ ಅಲ್ಲಿಂದಲೇ ಶುರುಮಾಡೋಣ.

ಗುಂಪಿನಲ್ಲಿ ಯಾರಿಗೂ 'ನೀವೂ ಹಾಗೇನಾ?' ಎಂದು ಕೇಳಬೇಡಿ, ದಯವಿಟ್ಟು. ಹೇಳಬೇಕೆನಿಸಿದವರು ತಾವಾಗಿ ಹೇಳುತ್ತಾರೆ.